ಎರಡು ಹಂತದ ಟ್ರಿಗರ್‌ನಲ್ಲಿ ಎರಡನೇ ಹಂತವೇ ಸಿಗುತ್ತಿಲ್ಲ, ಭಾರವೂ ಒಂದೇ ಕಡೆ ನಿಲ್ಲುತ್ತಿಲ್ಲ

ಹತ್ತು_ಪಾಯಿಂಟ್_ಒಂಬತ್ತು
ಎಲ್ಲರಿಗೂ ನಮಸ್ಕಾರ. 10 ಮೀಟರ್ ಏರ್ ರೈಫಲ್ ಹೊಡೆಯುತ್ತೇನೆ. ಈಚೆಗೆ ಇನ್ನೊಬ್ಬರು ಬಳಸಿದ ಮ್ಯಾಚ್ ರೈಫಲ್ (ಸ್ಪರ್ಧೆಗೆಂದೇ ಮಾಡಿದ್ದು) ತಗೊಂಡೆ, ಜೊತೆಗೆ ಮ್ಯಾನುಯಲ್ ಬಂದಿಲ್ಲ. ಟ್ರಿಗರ್ ಎರಡು ಹಂತದ್ದು. ಮೊದಲ ಹಂತ ಮುಗಿದ ಮೇಲೆ ಬೆರಳಿಗೆ ಒಂದು ತಡೆ ಸಿಗಬೇಕಲ್ವಾ, ಅದು ಸಿಗ್ತಾನೇ ಇಲ್ಲ. ಸುಮ್ಮನೆ ಜಾರಿಕೊಂಡು ಹೋಗಿ ಎಲ್ಲೋ ಒಂದು ಕಡೆ ಬ್ರೇಕ್ ಆಗುತ್ತೆ, ಅಂದರೆ ಸಿಡಿಯುತ್ತೆ. ಟ್ರಿಗರ್ ಎಳೆಯೋಕೆ ಬೇಕಾದ ಭಾರ ಅಳೆಯೋ ಡಿಜಿಟಲ್ ಗೇಜ್ ಹಾಕಿದರೆ ಒಮ್ಮೆ 140 ಗ್ರಾಂ ತೋರಿಸುತ್ತೆ, ಇನ್ನೊಮ್ಮೆ 190.

ಬ್ಲೇಡ್‌ನ (ಬೆರಳಿಟ್ಟು ಎಳೆಯೋ ಭಾಗದ) ಹಿಂದೆ ಮುಂದೆ ಸೇರಿ ನಾಲ್ಕು ಸ್ಕ್ರೂ ಕಾಣ್ತಿವೆ. ಇನ್ನೂ ಯಾವುದನ್ನೂ ಮುಟ್ಟಿಲ್ಲ. ನನಗೆ ಬೇಕಿರೋದು 100 ಗ್ರಾಂ ಆಸುಪಾಸು, ಮತ್ತು ಕಣ್ಣು ಮುಚ್ಚಿಕೊಂಡರೂ ಗೊತ್ತಾಗುವಂಥ ಎರಡನೇ ಹಂತ. ಯಾವುದರಿಂದ ಶುರು ಮಾಡಲಿ?

ತೆಳುಬೆರಳು
ಭಾರದ ಸ್ಕ್ರೂ ಹುಡುಕಿ ಹೊರಕ್ಕೆ ತಿರುಗಿಸಿ, 60 ಗ್ರಾಂಗೆ ತನ್ನಿ. ಹಗುರ ಇದ್ದಷ್ಟೂ ರೈಫಲ್ ಅಲ್ಲಾಡೋದು ಕಡಿಮೆ. ಮುಗೀತು.

ಹಳೇ_ಕೊಕ್ಕೆ
ಮುಗೀಲಿಲ್ಲ. ಅವರ ತೊಂದರೆ ಭಾರದ್ದಲ್ಲ. ಎರಡನೇ ಹಂತ ಎಲ್ಲಿ ಶುರುವಾಗಬೇಕೋ ಅಲ್ಲಿ ಶುರುವಾಗ್ತಿಲ್ಲ, ಅದು ಜಾಗದ ತೊಂದರೆ. ಇದನ್ನು ಬಿಟ್ಟು ಸ್ಪ್ರಿಂಗ್ ಸಡಿಲಿಸಿದರೆ ಹಗುರವಾದ, ಎಲ್ಲಿ ಸಿಡಿಯುತ್ತೋ ಗೊತ್ತಿಲ್ಲದ ಟ್ರಿಗರ್ ಸಿಗುತ್ತೆ. ಈಗಿರುವುದಕ್ಕಿಂತ ಅದು ಕೆಟ್ಟದ್ದು.

ಒಳಗೆ ನಡೆಯೋದು ಇಷ್ಟು. ಬ್ಲೇಡ್ ಎಳೆದಾಗ ಮೊದಲು ಒಂದು ಸ್ಪ್ರಿಂಗ್ ಮಾತ್ರ ಒತ್ತಿಕೊಳ್ಳುತ್ತೆ. ಅದು ಮೊದಲ ಹಂತ. ಸ್ವಲ್ಪ ದೂರ ಹೋದ ಮೇಲೆ ಬ್ಲೇಡ್‌ಗೆ ಅಂಟಿದ ಸ್ಕ್ರೂ ತುದಿಯೋ ಮೂಗೋ ಎರಡನೇ ಲಿವರ್‌ಗೆ ತಾಗುತ್ತೆ. ಅಲ್ಲಿಂದ ಮುಂದೆ ಮೊದಲ ಸ್ಪ್ರಿಂಗ್ ಜೊತೆಗೆ ಎರಡನೇ ಸ್ಪ್ರಿಂಗ್ ಮತ್ತು ಸಿಯರ್‌ನ (ಸಿಡಿಸೋ ಭಾಗವನ್ನು ಟ್ರಿಗರ್ ಎಳೆಯೋ ತನಕ ಹಿಡಿದಿಡೋ ಕೊಂಡಿಯ) ಉಜ್ಜಾಟವೂ ಸೇರುತ್ತೆ. ಬೆರಳಿಗೆ ಸಿಗುವ ತಡೆ ಅದೇ. ಆ ತಾಗುವ ಜಾಗವನ್ನು ತಪ್ಪಾಗಿ ಹೊಂದಿಸಿದ್ದರೆ ಎರಡರಲ್ಲಿ ಒಂದಾಗುತ್ತೆ. ಒಂದೋ ತಾಗುವ ಮೊದಲೇ, ಅಥವಾ ತಾಗಿದ ಕ್ಷಣವೇ ಸಿಯರ್ ಬಿಟ್ಟುಕೊಡುತ್ತೆ, ಆಗ ತಡೆಯೇ ಗೊತ್ತಾಗಲ್ಲ. ಇಲ್ಲಾ ತಾಗಿದ ಮೇಲೂ ತುಂಬಾ ದೂರ ಎಳೀಬೇಕಾಗುತ್ತೆ, ಎರಡನೇ ಹಂತ ಎಳೆದಾಡಿದ ಹಾಗೆ ಅನಿಸುತ್ತೆ.

ನಿಮ್ಮದು ಮೊದಲನೇ ಥರದ್ದು. ಮೊದಲು ಜಾಗ ಸರಿಮಾಡಿ, ಭಾರದ ಮಾತು ಆಮೇಲೆ.

ಗುಂಡುಸೂಜಿ
+1. ಆದರೆ ಅದಕ್ಕೂ ಮುಂಚೆ ರೈಫಲ್ ಖಾಲಿ ಇದೆಯಾ ನೋಡಿ. ಕಾಕ್ ಮಾಡಿ (ಹೊಡೆಯೋಕೆ ಸಜ್ಜು ಮಾಡಿ), ಬ್ಯಾರೆಲ್ ಹಿಂಬದಿಯಲ್ಲಿ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಇಲ್ಲ ಅಂತ ಕಣ್ಣಾರೆ ನೋಡಿ, ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಟ್ರಿಗರ್ ಸೆಟ್ ಮಾಡುವಾಗ ರೈಫಲ್ ಬೇಡದ ಹೊತ್ತಲ್ಲಿ ಸಿಡಿಯೋದು ಸಹಜ. ಅದಕ್ಕೇ ಮೂತಿ ಯಾವ ಕಡೆ ಇದೆ ಅನ್ನೋದು ಕೊನೇ ತನಕ ನೆನಪಿರಲಿ.

ಶಿಸ್ತಿನ_ಗುರಿ
ನಾಲ್ಕು ಸ್ಕ್ರೂ ಅಂದರೆ ಸಾಮಾನ್ಯವಾಗಿ ಹೀಗಿರುತ್ತೆ: ಒಂದು ಮೊದಲ ಹಂತದ ಸ್ಪ್ರಿಂಗ್‌ಗೆ, ಒಂದು ಎರಡನೇ ಹಂತದ ಸ್ಪ್ರಿಂಗ್‌ಗೆ, ಒಂದು ಎರಡನೇ ಹಂತ ಶುರುವಾಗುವ ಜಾಗಕ್ಕೆ, ಇನ್ನೊಂದು ಬ್ರೇಕ್ ಆದ ಮೇಲೆ ಬ್ಲೇಡ್ ಎಷ್ಟು ಹಿಂದೆ ಹೋಗಬೇಕು ಅನ್ನೋದಕ್ಕೆ, ಅಂದರೆ ಓವರ್‌ಟ್ರಾವೆಲ್. ಯಾವುದು ಯಾವುದು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಊಹೆ ಮಾಡಿ ತಿರುಗಿಸಬೇಡಿ. ತಯಾರಕರ ಮ್ಯಾನುಯಲ್ ಇಂಟರ್‌ನೆಟ್‌ನಲ್ಲಿ ಸಿಗುತ್ತೆ, ಮಾಡೆಲ್ ಹೆಸರು ಹಾಕಿ ಹುಡುಕಿ.

ಬಿಳಿ ಪೇಂಟ್ ಅಥವಾ ನೇಲ್ ಪಾಲಿಶ್‌ನಲ್ಲಿ ಪ್ರತಿ ಸ್ಕ್ರೂ ತಲೆಯಿಂದ ಪಕ್ಕದ ಲೋಹದ ತನಕ ಒಂದು ಸಣ್ಣ ಗೆರೆ ಎಳೀರಿ. ಆಮೇಲೆ ಒಂದೇ ಸ್ಕ್ರೂ, ಕಾಲು ಸುತ್ತು, ಬರೆದಿಟ್ಟುಕೊಳ್ಳಿ, ಎಳೆದು ನೋಡಿ. ಎರಡು ಸ್ಕ್ರೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ.

ಹತ್ತು_ಪಾಯಿಂಟ್_ಒಂಬತ್ತು
ಗೆರೆಯ ಉಪಾಯ ಚೆನ್ನಾಗಿದೆ, ಇವತ್ತೇ ಮಾಡ್ತೀನಿ. ಆದರೆ 140ಕ್ಕೂ 190ಕ್ಕೂ ಇಷ್ಟೊಂದು ಅಂತರ ಯಾಕೆ? ಸ್ಕ್ರೂ ಸಡಿಲ ಇದೆಯಾ?

ನೀರ್ಬಾಟ್ಲಿ
ಮೊದಲು ಗೇಜ್ ಮೇಲೆ ಅನುಮಾನ ಪಡಿ. ಡಿಜಿಟಲ್ ಗೇಜ್‌ನ ಕೊಕ್ಕೆ ಬಾಗಿದ ಬ್ಲೇಡ್ ಮೇಲೆ ಮೇಲೆ ಕೆಳಗೆ ಜಾರುತ್ತೆ. ಒಮ್ಮೆ ಮೇಲ್ಗಡೆ ಎಳೀತೀರಿ, ಒಮ್ಮೆ ತುದಿಯಲ್ಲಿ. ಬ್ಲೇಡ್ ಒಂದು ಲಿವರ್ ಅಷ್ಟೇ. ತಿರುಗುವ ಪಿನ್‌ನಿಂದ 20 ಮಿ.ಮೀ. ದೂರದಲ್ಲಿ 120 ಗ್ರಾಂ ಬೇಕಾದರೆ, 24 ಮಿ.ಮೀ. ದೂರದಲ್ಲಿ 100 ಗ್ರಾಂ ಸಾಕು. ನಾಲ್ಕೇ ಮಿಲಿಮೀಟರ್‌ಗೆ 20 ಗ್ರಾಂ ವ್ಯತ್ಯಾಸ! ಸ್ಕ್ರೂ ಮುಟ್ಟದೇ.

ಹಾಗಾಗಿ ಬೆರಳಿನ ತಿರುಳು ಎಲ್ಲಿ ಕೂರುತ್ತೋ ಅಲ್ಲೇ ಅಳೀಬೇಕು. ನಾನು ಮಾಡೋದು ಹೀಗೆ. ಖಾಲಿ ರೈಫಲ್ ಕಾಕ್ ಮಾಡಿ ಮೂತಿ ಮೇಲಕ್ಕೆ ನೇರ ನಿಲ್ಲಿಸ್ತೀನಿ. ಬ್ಲೇಡ್ ಮೇಲೆ ಬೆರಳು ಕೂರುವ ಜಾಗದ ಎರಡೂ ಬದಿಗೆ ಟೇಪ್ ಸುತ್ತಿದರೆ ನಡುವೆ ಸಣ್ಣ ಹಳ್ಳ ಆಗುತ್ತೆ, ತಂತಿ ಕೊಕ್ಕೆ ಅಲ್ಲೇ ಕೂತು ಜಾರಲ್ಲ. ಕೊಕ್ಕೆಗೆ ಸಣ್ಣ ಪ್ಲಾಸ್ಟಿಕ್ ಬಾಟ್ಲಿ. ಸಿರಿಂಜ್‌ನಲ್ಲಿ ನಿಧಾನವಾಗಿ ನೀರು ಬಿಡ್ತಾ ಹೋದರೆ ಮೊದಲು ಬ್ಲೇಡ್ ಇಳಿದು ಎರಡನೇ ಹಂತಕ್ಕೆ ಬಂದು ನಿಲ್ಲುತ್ತೆ. ಅಲ್ಲಿ ನಿಲ್ಲಿಸಿ ಎಷ್ಟು ನೀರು ಹೋಯ್ತು ಬರ್ಕೊಳ್ಳಿ. ಮತ್ತೆ ಬಿಡಿ, ಟಕ್ ಅನ್ನುತ್ತೆ. ಒಂದು ಮಿಲಿ ನೀರು ಒಂದು ಗ್ರಾಂ, ಜೊತೆಗೆ ಬಾಟ್ಲಿ ಕೊಕ್ಕೆಯ ತೂಕ ಕೂಡಿಸಿ. ಎರಡೂ ಹಂತದ ಭಾರ ಬೇರೆ ಬೇರೆಯಾಗಿ ಸಿಕ್ಕಿತು, ಕೈ ನಡುಗಿತು ಅನ್ನೋ ಪ್ರಶ್ನೆಯೇ ಇಲ್ಲ.

ತೆಳುಬೆರಳು
ಇಷ್ಟೆಲ್ಲಾ ಬೇಕಾ? ಗೇಜ್ ಸಾಕು. ಐದು ಸಲ ಎಳೆದು ಸರಾಸರಿ ತೆಗೀರಿ.

ನೀರ್ಬಾಟ್ಲಿ
ತಪ್ಪು ಜಾಗದಲ್ಲಿ ಐದು ಸಲ ಎಳೆದರೆ ತಪ್ಪಿನ ಸರಾಸರಿ ಸಿಗುತ್ತೆ. ಗೇಜ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಬ್ಯಾರೆಲ್‌ಗೆ ಸಮಾನಾಂತರವಾಗಿ, ಒಂದೇ ಜಾಗದಲ್ಲಿ, ನಿಧಾನಕ್ಕೆ ಎಳೆದರೆ ಅದೂ ಸರಿಯಾಗಿ ತೋರಿಸುತ್ತೆ. ವೇಗವಾಗಿ ಎಳೆದರೆ ಅಂಕಿ ಯಾವಾಗಲೂ ಮೇಲೆ ಹೋಗುತ್ತೆ. ಸ್ಪರ್ಧೆಯಲ್ಲಿ ಟ್ರಿಗರ್ ಪರೀಕ್ಷೆ ಮಾಡುವಾಗಲೂ ಗೇಜ್ ಎಳೆಯಲ್ಲ, ಬ್ಯಾರೆಲ್ ನೇರ ನಿಲ್ಲಿಸಿ ಸಮತಟ್ಟು ಜಾಗದಿಂದ ತೂಕದ ಬಟ್ಟನ್ನು ಟ್ರಿಗರ್‌ನಿಂದಲೇ ಎತ್ತಿಸ್ತಾರೆ. ಕಾರಣ ಇದೇ.

ಬೆಳ್ಳಿಪೆಲೆಟ್
ಒಂದು ನಿಮಿಷ, ಏರ್ ರೈಫಲ್‌ಗೆ 500 ಗ್ರಾಂಗಿಂತ ಕಡಿಮೆ ಇರಬಾರದು ಅಂತ ನಿಯಮ ಇದೆಯಲ್ಲ? 100 ಗ್ರಾಂ ಮಾಡಿಕೊಂಡು ಹೋದರೆ ಅನರ್ಹ ಆಗಲ್ವಾ?

ಶಿಸ್ತಿನ_ಗುರಿ
ಇಲ್ಲ, ಅದು 10 ಮೀಟರ್ ಏರ್ ಪಿಸ್ತೂಲ್‌ದು. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಏರ್ ಪಿಸ್ತೂಲ್‌ಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲ್‌ಗೆ 1000 ಗ್ರಾಂ, 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್‌ಗೆ 1500 ಗ್ರಾಂ. 10 ಮೀಟರ್ ಏರ್ ರೈಫಲ್‌ಗೂ 50 ಮೀಟರ್ ರೈಫಲ್‌ಗೂ ಕನಿಷ್ಠ ಭಾರವೇ ಇಲ್ಲ, ಶೂಟರ್ ಇಷ್ಟ. ಆದರೆ ನಿಮ್ಮ ಕ್ಲಬ್ಬಿನ ಸ್ಪರ್ಧೆಗೆ ಬೇರೆ ನಿಯಮ ಇರಬಹುದು, ಅದನ್ನು ಕೇಳಿಕೊಳ್ಳಿ.

ಬೆಳ್ಳಿಪೆಲೆಟ್
ಓ ಸರಿ, ಪಿಸ್ತೂಲ್ ಹೊಡೆಯೋರ ಜೊತೆ ಅಭ್ಯಾಸ ಮಾಡಿ ಅದೇ ತಲೇಲಿ ಕೂತಿದೆ. ಥ್ಯಾಂಕ್ಸ್.

ರೇಂಜ್_ಮಾಸ್ತರ
ನೋಡ್ರಿ, ಎಲ್ಲಾರೂ ಸ್ಕ್ರೂ ಸ್ಕ್ರೂ ಅಂತೀರಿ, ಒಬ್ಬರೂ ಹೊಲಸಿನ ಬಗ್ಗೆ ಮಾತಾಡವಲ್ಲಿರಿ. ಬಳಸಿದ ರೈಫಲ್ ಅಂದಮ್ಯಾಲೆ ಒಳಗ ಹಳೇ ಎಣ್ಣಿ ಗಟ್ಟಿಯಾಗಿ ಅಂಟಿನಂಗ ಆಗಿರ್ತದ. ಸಿಯರ್ ಒಮ್ಮೆ ಜಾರತದ, ಒಮ್ಮೆ ಹಿಡಕೊಂತದ. 140 ಮತ್ತ 190 ಬರಾಕ ಅದೂ ಕಾರಣ ಇರಬಹುದು. ಛಳಿಗೆ ಇನ್ನೂ ಹೆಚ್ಚು.

ಹಂಗಂತ ಸ್ಪ್ರೇ ಎಣ್ಣಿ ಹೊಡೀಬ್ಯಾಡ್ರಿ. ಹೊಡೆದ ದಿನ ಬೆಣ್ಣಿಯಂಗ ನಡೀತದ, ಆಮ್ಯಾಲೆ ಧೂಳು ಕುಂತು ಮತ್ತ ಅದ ಕಥಿ. ತಿಳಿದವರ ಕಡೆ ಕೊಟ್ಟು ಟ್ರಿಗರ್ ಘಟಕ ಒಮ್ಮೆ ಸ್ವಚ್ಛ ಮಾಡಿಸ್ರಿ. ತಯಾರಕರು ಹೇಳಿದ ಕಡೆ, ಹೇಳಿದಷ್ಟ ಗ್ರೀಸು. ಸಿಯರ್ ಮೈಗೆ ಅರ, ಪಾಲಿಶ್ ಕಾಗದ ಮುಟ್ಟಿಸಬ್ಯಾಡ್ರಿ. ಆ ಅಂಚಿನ ಗಟ್ಟಿ ಪದರ ಹೋತಂದ್ರ ಟ್ರಿಗರ್ ಹೋದಂಗ.

ಹಳೇ_ಕೊಕ್ಕೆ
ಮಾಸ್ತರ ಮಾತು ನೂರಕ್ಕೆ ನೂರು. ಸ್ವಚ್ಛ ಮಾಡದೆ ಸೆಟ್ ಮಾಡಿದರೆ ಕೊಳೆಗೆ ತಕ್ಕ ಹಾಗೆ ಸೆಟ್ ಮಾಡಿದ ಹಾಗಾಯ್ತು.

ಸಂಜೆ_ಶೂಟರ್
ನನ್ನ ಪ್ರಶ್ನೆ ಬೇರೆ. ಒಟ್ಟು 100 ಗ್ರಾಂ ಅಂದುಕೊಂಡರೆ ಮೊದಲ ಹಂತಕ್ಕೆಷ್ಟು, ಎರಡನೇದಕ್ಕೆಷ್ಟು? ನಮ್ಮ ಕೋಚ್ 70-30 ಅಂತಾರೆ, ಜೊತೆಗೆ ಹೊಡೆಯೋರು 50-50 ಅಂತಾರೆ.

ಹಳೇ_ಕೊಕ್ಕೆ
70-30 ಕಡೆ ನಾನು. ಮೊದಲ ಹಂತ ಸ್ವಲ್ಪ ಗಟ್ಟಿ ಇದ್ದರೆ ಬೆರಳು ಧೈರ್ಯವಾಗಿ ಟ್ರಿಗರ್ ಮೇಲೆ ಕೂರುತ್ತೆ. ಗುರಿ ಸೇರೋ ಹೊತ್ತಿಗೆ ಬಹುಪಾಲು ಭಾರ ಆಗಲೇ ಬೆರಳಲ್ಲಿರುತ್ತೆ, ಉಳಿದಿರೋದು ಸ್ವಲ್ಪವೇ. ಆ ಸ್ವಲ್ಪಕ್ಕೆ ರೈಫಲ್ ಕದಲಲ್ಲ.

ನಿಂತನಿಲುವು
ಇದಕ್ಕೆ ನನ್ನ ವಿರೋಧ ಇದೆ. ಒಟ್ಟು 100 ಇದ್ದಾಗ 30 ಗ್ರಾಂ ತಡೆ ಗೊತ್ತಾಗುತ್ತೆ, ನಿಜ. ಆದರೆ ತೆಳುಬೆರಳು ಹೇಳಿದ ಹಾಗೆ 60ಕ್ಕೆ ಇಳಿಸಿ ಅದೇ ಲೆಕ್ಕ ಹಾಕಿದರೆ ಎರಡನೇ ಹಂತಕ್ಕೆ ಉಳಿಯೋದು 18 ಗ್ರಾಂ. ಪಂದ್ಯದ ದಿನ ಎದೆ ಬಡಿತ ಬೆರಳ ತುದಿಯಲ್ಲೇ ಕೇಳಿಸ್ತಿರುತ್ತೆ, ಕೈ ತಣ್ಣಗಿರುತ್ತೆ. ಆ 18 ಗ್ರಾಂ ಯಾವ ಬೆರಳಿಗೂ ಗೊತ್ತಾಗಲ್ಲ. ಮೊದಲ ಹಂತದಿಂದಲೇ ಗುಂಡು ಹೋಗುತ್ತೆ, 10ರ ಬದಲು 8 ಅಂಕ ಬೀಳುತ್ತೆ. ಹಗುರ ಮಾಡ್ತಾ ಹೋದಷ್ಟೂ ಎರಡನೇ ಹಂತದ ಪಾಲು ಜಾಸ್ತಿ ಮಾಡಬೇಕು, ಪಾಲನ್ನು ಹಾಗೇ ಇಟ್ಟರೆ ಆಗಲ್ಲ.

ಭಾರ ಎಷ್ಟು ಅನ್ನೋದಕ್ಕಿಂತ ತಡೆ ಎಷ್ಟು ಸ್ಪಷ್ಟ ಅನ್ನೋದು ಮುಖ್ಯ. 130 ಗ್ರಾಂನ ಸ್ಪಷ್ಟ ಟ್ರಿಗರ್‌ನಲ್ಲಿ ಬರೋ ಅಂಕ 70 ಗ್ರಾಂನ ಮಸುಕಾದ ಟ್ರಿಗರ್‌ನಲ್ಲಿ ಬರಲ್ಲ. ಇದನ್ನು ನಾನು ಎಷ್ಟು ಜನರಿಗೆ ಹೇಳಿದರೂ ಮತ್ತೆ ಮತ್ತೆ ಎಲ್ಲರೂ ಹಗುರ ಹಗುರ ಅಂತಲೇ ಓಡ್ತಾರೆ.

ತೆಳುಬೆರಳು
ನಾನು 60ರಲ್ಲೇ ಹೊಡೆಯೋದು, ಆರಾಮಾಗಿದೆ. ಬೆರಳಿಗೆ ಅಭ್ಯಾಸ ಮಾಡಿಸಬೇಕು.

ನಿಂತನಿಲುವು
ನಿಮ್ಮ ಬೆರಳಿಗೆ ಅಭ್ಯಾಸ ಆಗಿದೆ, ಒಪ್ತೀನಿ. ಹೊಸ ರೈಫಲ್, ಎರಡನೇ ಹಂತವೇ ಸಿಗದವರಿಗೆ ಮೊದಲ ದಿನವೇ 60 ಅಂತ ಹೇಳಬೇಡಿ ಅನ್ನೋದಷ್ಟೇ ನನ್ನ ಮಾತು.

ಮರದ_ದಿಂಡು
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಕ್ಷಮಿಸಿ. ಎರಡು ಹಂತ ಅನ್ನೋದು ಮ್ಯಾಚ್ ರೈಫಲ್‌ನವರ ಹೊಸ ಆವಿಷ್ಕಾರ ಅಲ್ಲ. ಹಳೇ ಜರ್ಮನ್ ಸೈನ್ಯದ ರೈಫಲ್ ಮೌಸರ್ 98 ನೋಡಿ. ಟ್ರಿಗರ್ ತಲೆಯ ಮೇಲೆ ಎರಡು ಉಬ್ಬು ಇರುತ್ತವೆ. ಮೊದಲನೇ ಉಬ್ಬು ರಿಸೀವರ್‌ಗೆ (ರೈಫಲ್‌ನ ಲೋಹದ ಮುಖ್ಯ ಮೈಗೆ) ಒತ್ತಿಕೊಂಡಿರುವಾಗ ಹಗುರ, ದೂರ ಜಾಸ್ತಿ. ಎರಡನೇ ಉಬ್ಬು ತಾಗಿದ ಕೂಡಲೇ ಲಿವರ್‌ನ ಲೆಕ್ಕ ಬದಲಾಗಿ ಭಾರ ಏರುತ್ತೆ. ಬೇರೆ ಸ್ಪ್ರಿಂಗೂ ಇಲ್ಲ, ಸ್ಕ್ರೂನೂ ಇಲ್ಲ. ಸೈನಿಕನ ರೈಫಲ್ ಬಿದ್ದರೂ ಬಡಿದರೂ ಸಿಡಿಯದ ಹಾಗೆ ಸಿಯರ್ ಆಳವಾಗಿ ಹಿಡಿದಿರಬೇಕು, ಆದರೆ ಕೊನೆಯ ಎಳೆತ ಚಿಕ್ಕದಿರಬೇಕು. ಎರಡೂ ಒಟ್ಟಿಗೆ ಸಿಗೋದು ಹೀಗೇ.

ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ನಂ. 4 ರೈಫಲ್ ಕಥೆ ಇನ್ನೂ ಚೆಂದ. ಮೊದಲ ಮಾದರಿಯಲ್ಲಿ ಟ್ರಿಗರ್ ಕೂರುತ್ತಿದ್ದುದು ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಲೋಹದ ಬಳೆ) ಮೇಲೆ, ಸಿಯರ್ ಇದ್ದದ್ದು ರಿಸೀವರ್ ಮೇಲೆ. ನಡುವೆ ಮರದ ದಿಂಡು, ಅಂದರೆ ರೈಫಲ್‌ನ ಮರದ ಮೈ. ಮರ ತೇವಕ್ಕೆ ಉಬ್ಬಿದರೆ, ಒಣಗಿ ಕುಗ್ಗಿದರೆ ಎರಡರ ನಡುವಿನ ಅಂತರ ಬದಲಾಗಿ ಎಳೆತವೇ ಬೇರೆ ಆಗ್ತಿತ್ತು. 1949ರ ಮಾರ್ಕ್ 2ರಲ್ಲಿ ಟ್ರಿಗರ್ ಅನ್ನೂ ರಿಸೀವರ್‌ಗೇ ತೂಗಿ ಹಾಕಿದರು, ಆ ಕಾಟ ತಪ್ಪಿತು.

ಸಂಜೆ_ಶೂಟರ್
ಅಯ್ಯೋ ಇದು ಗೊತ್ತೇ ಇರಲಿಲ್ಲ! ಅಂದರೆ ದಿಂಡಿನ ಸ್ಕ್ರೂ ಬಿಗಿ ಮಾಡಿದರೂ ಟ್ರಿಗರ್ ಬದಲಾಗ್ತಿತ್ತಾ?

ಮರದ_ದಿಂಡು
ಖಂಡಿತ. ಗಾರ್ಡ್ ಬಿಗಿ ಆದರೆ ಟ್ರಿಗರ್ ಸಿಯರ್‌ಗೆ ಹತ್ತಿರ ಬರುತ್ತೆ. ಈಗಿನ ಮ್ಯಾಚ್ ರೈಫಲ್‌ನಲ್ಲಿ ಟ್ರಿಗರ್ ಘಟಕ ಒಂದೇ ಡಬ್ಬಿಯಲ್ಲಿರೋದರಿಂದ ಆ ಭಯ ಇಲ್ಲ.

ಏಆರ್_ಅಣ್ಣ
ಸ್ಕ್ರೂ ಇಲ್ಲದ ಎರಡು ಹಂತ ಅಂದಾಗ ನೆನಪಾಯ್ತು. ಏಆರ್-15 ಅನ್ನೋ ಅಮೆರಿಕನ್ ರೈಫಲ್‌ಗೆ ಬರುವ ಗೈಸ್ಲಿ ಕಂಪನಿಯ ಎಸ್‌ಎಸ್‌ಎ ಟ್ರಿಗರ್‌ನಲ್ಲಿ ಮೊದಲ ಹಂತ ಎರಡೂವರೆ ಪೌಂಡ್, ಎರಡನೇದು ಎರಡು ಪೌಂಡ್, ಒಟ್ಟು ನಾಲ್ಕೂವರೆ ಪೌಂಡ್. ಅಂದರೆ ಸುಮಾರು 2 ಕೆ.ಜಿ. ಅದರಲ್ಲೂ ಜನ ಗುಂಡುಗಳನ್ನು ಒತ್ತೊತ್ತಾಗಿ ಒಂದೇ ಕಡೆ ಹೊಡೀತಾರೆ. ಪಾಲು ನೋಡಿ, 55-45 ಹತ್ತಿರ ಬಂತು. 70-30 ಅನ್ನೋದೇನೂ ಶಾಸನ ಅಲ್ಲ.

ಹಳೇ_ಕೊಕ್ಕೆ
ಶಾಸನ ಅಂತ ನಾನೆಲ್ಲಿ ಹೇಳಿದೆ? ಎರಡು ಕೆ.ಜಿ. ಟ್ರಿಗರ್‌ನಲ್ಲಿ ಎರಡನೇ ಹಂತಕ್ಕೇ 900 ಗ್ರಾಂ ಇದೆ, ಅಲ್ಲಿ ತಡೆ ಗೊತ್ತಾಗೋದು ಸಮಸ್ಯೆಯೇ ಅಲ್ಲ. ಅದನ್ನು ತಂದು 100 ಗ್ರಾಂ ಟ್ರಿಗರ್ ಪಕ್ಕ ಇಟ್ಟರೆ ಹೋಲಿಕೆ ಕೂರಲ್ಲ.

ಹತ್ತು_ಪಾಯಿಂಟ್_ಒಂಬತ್ತು
ಅಪ್‌ಡೇಟ್. ಮ್ಯಾನುಯಲ್ ಸಿಕ್ಕಿತು. ಘಟಕ ಸ್ವಚ್ಛ ಮಾಡಿಸಿದೆ, ಮಾಸ್ತರ ಹೇಳಿದ ಹಾಗೆ ಒಳಗೆ ಕಂದು ಬಣ್ಣದ ಅಂಟು ಇತ್ತಂತೆ. ಗೆರೆ ಎಳೆದು, ಎರಡನೇ ಹಂತದ ಜಾಗದ ಸ್ಕ್ರೂ ಮಾತ್ರ ಕಾಲು ಕಾಲು ಸುತ್ತು ತಿರುಗಿಸಿದೆ. ಒಂದು ಹಂತದಲ್ಲಿ ತಡೆ ಇದ್ದಕ್ಕಿದ್ದ ಹಾಗೆ ಸಿಕ್ಕಿತು! ಈಗ ಬೆರಳು ಬಂದು ನಿಲ್ಲುತ್ತೆ. ಆಮೇಲೆ ಮೊದಲ ಹಂತದ ಸ್ಪ್ರಿಂಗ್ ಸ್ವಲ್ಪ ಇಳಿಸಿದೆ. ಬಾಟ್ಲಿ ಲೆಕ್ಕದಲ್ಲಿ ಮೊದಲ ಹಂತ 72, ಒಟ್ಟು 108. ಮತ್ತೆ ಮತ್ತೆ ಅಳೆದರೂ 106ರಿಂದ 110ರ ಒಳಗೇ ಇದೆ.

ಒಂದೇ ಬೇಸರ. ದಿಂಡಿನ ಹಿಂಭಾಗವನ್ನು ರಬ್ಬರ್ ಮ್ಯಾಟ್ ಮೇಲೆ ತುಸು ಜೋರಾಗಿ ಕುಕ್ಕಿದರೆ ಒಮ್ಮೊಮ್ಮೆ ಟಕ್ ಅಂತ ಬಿಡುತ್ತೆ. ಹೊಡೆಯುವಾಗ ಯಾರೂ ಹಾಗೆ ಕುಕ್ಕಲ್ಲ ಅಲ್ವಾ, ಪರವಾಗಿಲ್ವಾ?

ಗುಂಡುಸೂಜಿ
ಪರವಾಗಿಲ್ಲ ಅನ್ನೋ ಹಾಗಿಲ್ಲ! ಹಾಗೇ ರೇಂಜಿಗೆ ತಗೊಂಡು ಹೋಗಬೇಡಿ.

ರೇಂಜ್_ಮಾಸ್ತರ
ಹಂಗ ಬಿಡಬ್ಯಾಡ್ರಿ. ನಮ್ಮ ಲೈನಿನಾಗ ಒಬ್ಬರ ರೈಫಲ್ ಲೋಡಿಂಗ್ ಲಿವರ್ ಮುಚ್ಚಿದ ಕೂಡ್ಲೇ ಸಿಡೀತು. ಬೆರಳು ಟ್ರಿಗರ್ ಹತ್ರಾನೂ ಇರಲಿಲ್ಲ. ಮೂತಿ ಗುರಿ ಕಡೆನ ಇತ್ತು, ಪೆಲೆಟ್ ನೆಲಕ್ಕ ಬಿತ್ತು, ಯಾರಿಗೂ ಏನೂ ಆಗಲಿಲ್ಲ. ಸಿಯರ್ ಹಿಡಿತ ಕೂದಲೆಳಿಯಷ್ಟ ಉಳಿದಿತ್ತು, ಅಷ್ಟ.

ಜಾಗದ ಸ್ಕ್ರೂ ಒಂದೀಟು ವಾಪಸ್ ತಿರುಗಿಸ್ರಿ, ಸಿಯರ್‌ಗೆ ಹಿಡಿತ ಹೆಚ್ಚಾಗಲಿ. ಎರಡನೇ ಹಂತದಾಗ ಚೂರು ಎಳೆತ ಬಂದ್ರೂ ಬರಲಿ. ಆಮ್ಯಾಲೆ ಮೂರು ಪರೀಕ್ಷಾ. ಒಂದು, ಕುಕ್ಕಿ ನೋಡೂದು. ಎರಡು, ಲಿವರ್ ಜೋರಾಗಿ ಮುಚ್ಚೂದು. ಮೂರನೇದು ಭಾಳ ಮಂದಿ ಮರೀತಾರ: ಮೊದಲ ಹಂತ ಪೂರ್ತಿ ಎಳೆದು, ಹೊಡೀದ ಬೆರಳು ತೆಗದು, ಆಮ್ಯಾಲೆ ಕುಕ್ಕಿ ನೋಡ್ರಿ. ಗುರಿ ಸರಿ ಬರಲಿಲ್ಲಂತ ರೈಫಲ್ ಇಳಿಸ್ತೀರಲ್ಲ, ಆಗ ಬ್ಲೇಡು ಸಿಯರು ಪೂರ್ತಿ ಹಿಂದಕ ಬರಬೇಕು. ಮೊದಲ ಸ್ಪ್ರಿಂಗ್ ಭಾಳ ಸಡಿಲ ಮಾಡಿದ್ರ ಅರ್ಧಕ್ಕ ನಿಂತಿರ್ತದ, ಮುಂದ ಲಿವರ್ ಮುಟ್ಟಿದ್ರ ಸಾಕು.

ಶಿಸ್ತಿನ_ಗುರಿ
ಮೂರನೇ ಪರೀಕ್ಷೆ ದಪ್ಪ ಅಕ್ಷರದಲ್ಲಿ ಬರೆದಿಡಬೇಕಾದ್ದು. ಓವರ್‌ಟ್ರಾವೆಲ್ ಸ್ಕ್ರೂ ಬಗ್ಗೆಯೂ ಒಂದು ಮಾತು. ಬ್ರೇಕ್ ಆದ ಮೇಲೆ ಬ್ಲೇಡ್ ಚೂರೂ ಹಿಂದೆ ಹೋಗಬಾರದು ಅಂತ ಪೂರ್ತಿ ಬಿಗಿ ಮಾಡಬೇಡಿ. ಸಿಯರ್ ಬಿಡುಗಡೆ ಆದ ಮೇಲೂ ಸ್ವಲ್ಪ ಜಾಗ ಬೇಕು. ಇಲ್ಲದಿದ್ದರೆ ತಾಪಮಾನ ಬದಲಾದ ದಿನ ಟ್ರಿಗರ್ ಬ್ರೇಕ್ ಆಗದೆಯೇ ನಿಂತುಬಿಡುತ್ತೆ. ಬ್ರೇಕ್ ಆಗುವ ಜಾಗದಿಂದ ಅರ್ಧ ಸುತ್ತಾದರೂ ಸಡಿಲ ಬಿಡಿ.

ಹತ್ತು_ಪಾಯಿಂಟ್_ಒಂಬತ್ತು
ಸ್ಕ್ರೂ ವಾಪಸ್ ತಿರುಗಿಸಿದೆ. ಈಗ ಎಷ್ಟು ಕುಕ್ಕಿದರೂ ಬಿಡ್ತಿಲ್ಲ, ಲಿವರ್ ಬಡಿದರೂ ಇಲ್ಲ, ಎಳೆದು ಬಿಟ್ಟ ಮೇಲೂ ಇಲ್ಲ. ಒಟ್ಟು ಭಾರ 115 ಆಯ್ತು. ತಡೆ ಮೊದಲಿಗಿಂತ ಒಂಚೂರು ಮೃದು, ಆದರೆ ಗೊತ್ತಾಗುತ್ತೆ. 100ಕ್ಕೇ ಬರಬೇಕು ಅನ್ನೋ ಹಟ ಬಿಟ್ಟೆ, ಇದರಲ್ಲೇ ಅಭ್ಯಾಸ ಶುರು ಮಾಡ್ತೀನಿ.

ನಿಂತನಿಲುವು
ಒಳ್ಳೇ ನಿರ್ಧಾರ. ರೈಫಲ್‌ನಲ್ಲಿ ಡ್ರೈ ಫೈರ್ ವ್ಯವಸ್ಥೆ ಇದ್ದರೆ ಪೆಲೆಟ್ ಇಲ್ಲದೆ ದಿನಾ ಸ್ವಲ್ಪ ಹೊತ್ತು ಎಳೆದು ಬೆರಳಿಗೆ ತಡೆ ಪರಿಚಯ ಮಾಡಿಸಿ. ವಾರಕ್ಕೊಮ್ಮೆ ಸ್ಕ್ರೂ ತಿರುಗಿಸಿದರೆ ಬೆರಳು ಏನನ್ನೂ ಕಲಿಯಲ್ಲ.

ಬೆಳ್ಳಿಪೆಲೆಟ್
ಸ್ಕ್ರೂ ತಾನಾಗಿ ಸಡಿಲ ಆಗದ ಹಾಗೆ ಲಾಕ್ ಮಾಡೋ ಅಂಟು ಹಾಕಬಹುದಾ?

ಹಳೇ_ಕೊಕ್ಕೆ
ಕಡಿಮೆ ಶಕ್ತಿಯದ್ದು, ಸೂಜಿ ಮೊನೆಯಷ್ಟು, ಸ್ಕ್ರೂವಿನ ಸುರುಳಿಗೆ ಮಾತ್ರ, ಅದೂ ಮ್ಯಾನುಯಲ್ ಬೇಡ ಅನ್ನದಿದ್ದರೆ. ಒಂದು ಹನಿ ಸಿಯರ್ ಕಡೆ ಹರಿದರೆ ಮತ್ತೆ ಘಟಕ ಬಿಚ್ಚಿಸಬೇಕು. ನನಗೆ ಕೇಳಿದರೆ ಗೆರೆ ಎಳೆದಿಟ್ಟು, ಪ್ರತಿ ಅಭ್ಯಾಸಕ್ಕೆ ಮುಂಚೆ ಗೆರೆ ಕೂಡಿದೆಯಾ ನೋಡೋದೇ ವಾಸಿ.

ಹೊಸಬ_ರೈಫಲ್
ಎಲ್ಲಾ ಓದಿದೆ. ನನ್ನ ಹತ್ರ ಇರೋದು ಬ್ಯಾರೆಲ್ ಮಡಚಿ ಕಾಕ್ ಮಾಡುವ ಸ್ಪ್ರಿಂಗ್ ಪಿಸ್ಟನ್ ಏರ್ ರೈಫಲ್, ಅದೂ ಎರಡು ಹಂತದ ಟ್ರಿಗರ್. ಇದೇ ಥರ ಖಾಲಿ ಕಾಕ್ ಮಾಡಿ ನೀರಿನ ಬಾಟ್ಲಿ ನೇತು ಹಾಕಿ ಅಳೀಬಹುದಾ?

ನೀರ್ಬಾಟ್ಲಿ
ಬೇಡ! ಸ್ಪ್ರಿಂಗ್ ಪಿಸ್ಟನ್ ರೈಫಲನ್ನು ಪೆಲೆಟ್ ಇಲ್ಲದೆ ಹೊಡೀಬಾರದು. ಪೆಲೆಟ್ ಇದ್ದರೆ ಮುಂದೆ ಗಾಳಿ ಒತ್ತಿಕೊಂಡು ಪಿಸ್ಟನ್‌ಗೆ ಮೆತ್ತೆ ಆಗುತ್ತೆ. ಖಾಲಿ ಇದ್ದರೆ ಪಿಸ್ಟನ್ ನೇರ ಹೋಗಿ ಸಿಲಿಂಡರ್ ತುದಿಗೆ ಬಡಿಯುತ್ತೆ, ಸೀಲೂ ಸ್ಪ್ರಿಂಗೂ ಹಾಳು. ಅದನ್ನು ರೇಂಜಿನಲ್ಲೇ ಪೆಲೆಟ್ ಹಾಕಿ, ಮೂತಿ ಗುರಿಯ ಕಡೆ ಇಟ್ಟು, ಗೇಜ್‌ನಲ್ಲಿ ಎಳೆದು ಅಳೆಯಿರಿ. ಕಾಕ್ ಆಗಿರುವಾಗ ಬ್ಯಾರೆಲ್ ತೆರೆದಿಟ್ಟು ಟ್ರಿಗರ್ ಮುಟ್ಟೋದಂತೂ ಬೇಡವೇ ಬೇಡ. ಬ್ಯಾರೆಲ್ ರಪ್ಪನೆ ಮೇಲೆ ಬಂದರೆ ಬೆರಳು ಉಳಿಯಲ್ಲ.

ರೇಂಜ್_ಮಾಸ್ತರ
ಅದರಾಗ ಭಾರ ತೀರಾ ಇಳಿಸಾಕೂ ಹೋಗಬ್ಯಾಡ್ರಿ. ಒಳಗಿನ ಸ್ಪ್ರಿಂಗ್ ಸಿಯರ್ ಮ್ಯಾಲೆ ಹಾಕೋ ಒತ್ತಡ ಮ್ಯಾಚ್ ರೈಫಲ್‌ಗಿಂತ ಎಷ್ಟೋ ಪಾಲು ಹೆಚ್ಚು. ಮಾಡೆಲ್ ಯಾವುದು ಹೇಳ್ರಿ, ಯಾವ ಸ್ಕ್ರೂ ಮುಟ್ಟಬೇಕು ನೋಡೋಣ.